ಅಂಗೈ ಮೇಲೆ ಬಿದ್ದ ಗ್ರಹಣ

ನಾನು ಪಾಠ ಹೇಳುವ ಶಾಲೆಗೆ ಐವತ್ತು ವರ್ಷ ತುಂಬಿದಾಗ ಒಂದು ಸ್ಮರಣ ಸಂಚಿಕೆ ತರುವುದೆಂದು ತೀರ್ಮಾನವಾಯಿತು. ಶಿಕ್ಷಕರೆಲ್ಲ ತಮ್ಮ ಬಾಲ್ಯದ ಒಂದೊಂದು ನೆನಪನ್ನು ಎರಡು ಪುಟ ಮೀರದಂತೆ ಬರೆದುಕೊಡಬೇಕೆಂದು ಹೆಡ್‌ಮಾಸ್ತರರು ಹೇಳಿದರು. ಉಳಿದವರು ವಾರಗಟ್ಟಲೆ ತಲೆ ಕೆರೆದುಕೊಂಡರು. ನಾನು ಮಾತ್ರ ಅಂದೇ ರಾತ್ರಿ ಅಡುಗೆಮನೆಯ ಕೆಲಸ ಮುಗಿಸಿ ಒಂದೇ ಪಟ್ಟಿಗೆ ಕುಳಿತು ಬರೆದುಬಿಟ್ಟೆ. ಯಾವುದನ್ನು ಬರೆಯಲಿ ಎಂದು ಯೋಚಿಸುವ ಪ್ರಮೇಯವೇ ಬರಲಿಲ್ಲ. ನನಗೆ ಬಾಲ್ಯವೆಂದರೆ ಮೊದಲು ಕಣ್ಣೆದುರು ನಿಲ್ಲುವುದು 1980ನೆಯ ಇಸವಿ ಫೆಬ್ರುವರಿ 16, ಶನಿವಾರ. ಆಗ ನನಗೆ ಹತ್ತು ವರ್ಷ. ಅಂದು ಹಾಡುಹಗಲೇ ಕತ್ತಲಾಗಿತ್ತು. ಇಷ್ಟು ವರ್ಷಗಳಾದ ಮೇಲೂ ಆ ಗಳಿಗೆಯನ್ನು ನೆನೆದರೆ ಮುಂಗೈ ಮೇಲಿನ ರೋಮ ಎದ್ದು ನಿಲ್ಲುತ್ತದೆ.

ಅಚ್ಚಾದ ಮೇಲೆ ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕನಿಗೆ ಒಂದು ಪ್ರತಿ ಕಳಿಸಿದೆ. ಎರಡು ದಿನ ಬಿಟ್ಟು ಫೋನು ಬಂತು.

“ಭಾಳ ಛಂದ ಬರದೀ. ಆದ್ರ ಅದರಾಗ ಅರ್ಧ ಸುಳ್ಳ ಐತಲ್ಲವಾ!”

ಇತಿಹಾಸದ ಟೀಚರಿಗೆ ಇದಕ್ಕಿಂತ ದೊಡ್ಡ ಬೈಗುಳ ಇನ್ನೇನಿದೆ? ಅಂದಿನಿಂದ ಶುರುವಾದ ವಿಚಾರಣೆಯ ಕತೆ ಇದು.

ಆಗ ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲಿತ್ತು. ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನಮ್ಮೂರು ಗದಗಿನಿಂದ ಬಸ್ಸಿನಲ್ಲಿ ಮುಕ್ಕಾಲು ತಾಸಿನ ಹಾದಿ. ಆ ಸಲದ ಖಗ್ರಾಸ ಗ್ರಹಣದ ನೆರಳು ಅರಬ್ಬೀ ಸಮುದ್ರ ದಾಟಿ ಕಾರವಾರ-ಅಂಕೋಲೆಗಳ ಹತ್ತಿರ ನಮ್ಮ ನೆಲ ಮುಟ್ಟಿ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದು, ಆಂಧ್ರ ದಾಟಿ ಪುರಿಯ ಕಡೆಗೆ ಹೊರಟುಹೋಯಿತು. ಎಂದರೆ ನಮ್ಮ ಮಾಳಿಗೆಯ ಮೇಲೆಯೇ ಹಾದುಹೋಯಿತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಉಪಕರಣಗಳನ್ನು ಹೂಡಿಕೊಂಡು ಕಾದಿದ್ದರು. ಹೈದರಾಬಾದಿನ ಹತ್ತಿರದ ಜಪಾಲ್-ರಂಗಾಪುರ ವೀಕ್ಷಣಾಲಯಕ್ಕೆ ಪರದೇಶದ ವಿಜ್ಞಾನಿಗಳು ಬಂದಿಳಿದಿದ್ದರು. ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ. ಅವರು ಸಮುದ್ರ ದಾಟಿ ನೋಡಲು ಬಂದದ್ದನ್ನು ನೋಡಬಾರದೆಂದು ನಾವು ಬಾಗಿಲು ಹಾಕಿಕೊಂಡು ಕುಳಿತಿದ್ದೆವು.

ಶಿವರಾತ್ರಿ ಮುಗಿದ ಬೆನ್ನಿಗೇ ಬಂದ ಅಮಾವಾಸ್ಯೆ ಅದು. ಅದರಲ್ಲೂ ಶನಿವಾರದ ಅಮಾವಾಸ್ಯೆ! ಊರಿಗೆ ಊರೇ ಒಂದು ವಾರದಿಂದ ಅದೇ ಮಾತಾಡುತ್ತಿತ್ತು. ಬರಿಗಣ್ಣಿನಿಂದ ನೋಡಬೇಡಿ ಎಂದು ರೇಡಿಯೊದಲ್ಲಿ ಹೇಳುತ್ತಿದ್ದರು. ನಮ್ಮವರು ‘ಬರಿಗಣ್ಣಿನಿಂದ’ ಎಂಬುದನ್ನು ಬಿಟ್ಟು ‘ನೋಡಬೇಡಿ’ ಎಂಬುದನ್ನಷ್ಟೇ ಕೇಳಿಸಿಕೊಂಡರು. ಬೆಳಗ್ಗೆಯೇ ಉಂಡು ಒಲೆ ಆರಿಸಿದ್ದಾಯಿತು. ನೀರಿನ ಕೊಡ, ಉಪ್ಪಿನಕಾಯಿಯ ಭರಣಿ, ಹಾಲು ಮೊಸರಿನ ಗಡಿಗೆ ಎಲ್ಲಕ್ಕೂ ಗರಿಕೆ ಬಿತ್ತು. ಹಿತ್ತಾಳೆಯ ಪರಾತದಲ್ಲಿ ನೀರು ಹಾಕಿ ನಡುವೆ ಒನಕೆ ನಿಲ್ಲಿಸಿದರು. ಗ್ರಹಣ ಇರುವಷ್ಟು ಹೊತ್ತು ನಿಂತು, ಬಿಟ್ಟ ಕೂಡಲೇ ಬೀಳುತ್ತದೆ ಎಂದರು. (ಬುಡ ಸಮ ಇರುವ ಒನಕೆ ಯಾವ ದಿನ ನಿಲ್ಲಿಸಿದರೂ ನಿಲ್ಲುತ್ತದೆ. ನಾನೇ ಮಾಡಿ ನೋಡಿದ್ದೇನೆ. ಮನೆಯಲ್ಲಿ ಒನಕೆ ಉಳಿದಿದ್ದರೆ ನೀವೂ ನೋಡಬಹುದು.)

ಇಷ್ಟೆಲ್ಲ ಕಟ್ಟುನಿಟ್ಟಿಗೆ ಇನ್ನೊಂದು ಕಾರಣವಿತ್ತು. ನಮ್ಮ ಅತ್ತಿ, ಅಪ್ಪನ ತಂಗಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಏಳು ತಿಂಗಳು. ಬಸುರಿಯ ಮೇಲೆ ಗ್ರಹಣದ ಬೆಳಕು ಬಿದ್ದರೆ ಕೂಸಿನ ತುಟಿ ಹರಿಯುತ್ತದೆ, ಬಸುರಿ ಏನನ್ನಾದರೂ ಹೆಚ್ಚಿದರೆ, ಕತ್ತರಿಸಿದರೆ ಕೂಸಿಗೆ ಗಾಯವಾಗುತ್ತದೆ ಎಂಬ ನಂಬಿಕೆಯನ್ನು ನೀವೆಲ್ಲ ಕೇಳಿಯೇ ಇರುತ್ತೀರಿ. ಆಯಿ, ಎಂದರೆ ನಮ್ಮ ಅಜ್ಜಿ, ಮಗಳನ್ನು ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಕೂಡ್ರಿಸಿ, ಜತೆಗೆ ನನ್ನನ್ನು ಬಿಟ್ಟು, ಬಾಗಿಲೆಳೆದುಕೊಂಡು ಹೊರಗೆ ಹೊಸ್ತಿಲ ಬಳಿ ಕಾವಲು ಕುಳಿತಳು. ಅಕ್ಕ, ಅವ್ವ ದೇವರ ಮನೆಯಲ್ಲಿದ್ದರು.

ಆ ಕೋಣೆಗೆ ಕಿಟಕಿ ಇರಲಿಲ್ಲ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳನ್ನು ಕಂಡವರಿಗೆ ಬೆಳಕಿಂಡಿ ಗೊತ್ತಿರುತ್ತದೆ. ಮಾಳಿಗೆಯಲ್ಲೇ ಬಿಟ್ಟ ಒಂದು ಗೇಣಿನ ಕಂಡಿ ಅದು. ಆಯಿ ಅದನ್ನೂ ಮುಚ್ಚಿಸಿದ್ದಳು. ಮಳೆಗಾಲದಲ್ಲಿ ಹೊದಿಸುವ ತಗಡು ಇತ್ತಲ್ಲ, ಎಣ್ಣೆಯ ಡಬ್ಬಿ ಬಿಚ್ಚಿ ಬಡಿದು ಮಾಡಿದ್ದು, ಅದೇ ತಗಡು. ಅದರಲ್ಲಿ ಹಳೆಯ ಮೊಳೆಯ ತೂತುಗಳು ಆರೋ ಏಳೋ ಇದ್ದವು. ಅದು ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಎರಡು ಹೊಡೆದ ಮೇಲೆ ಗ್ರಹಣ ಹಿಡಿಯಿತು. ಮೊದಮೊದಲು ಗೋಡೆಯ ಬುಡದಲ್ಲಿ ದುಂಡನೆಯ ಬೆಳಕಿನ ಚುಕ್ಕೆಗಳಿದ್ದವು, ರೂಪಾಯಿ ನಾಣ್ಯದಷ್ಟು ದೊಡ್ಡವು. ನೋಡನೋಡುತ್ತ ಪ್ರತಿಯೊಂದು ಚುಕ್ಕೆಯನ್ನೂ ಒಂದು ಬದಿಯಿಂದ ಯಾರೋ ಕಚ್ಚಿದಂತಾಯಿತು. ಅರ್ಧವಾಯಿತು. ಕುಡಗೋಲಿನಂತಾಯಿತು. ಗೋಡೆಯ ಮೇಲೆ, ನೆಲದ ಮೇಲೆ, ಕಾಲು ಚಾಚಿ ಕುಳಿತ ಅತ್ತಿಯ ಸೀರೆಯ ಮೇಲೆ ಬಿದಿಗೆ ಚಂದ್ರನಂಥ ಆರೇಳು ಸೂರ್ಯರು! ಸಣ್ಣ ತೂತಿನಿಂದ ಬಿದ್ದ ಬೆಳಕು ತೂತಿನ ಆಕಾರದಲ್ಲಿ ಬೀಳುವುದಿಲ್ಲ, ಸೂರ್ಯನ ಆಕಾರದಲ್ಲಿ ಬೀಳುತ್ತದೆ ಎಂಬುದನ್ನು ಮುಂದೆ ಪಾಠದ ಪುಸ್ತಕದಲ್ಲಿ ಓದಿದೆ. ಬೇವಿನ ಮರದ ಕೆಳಗೆ ಬಿಸಿಲು ದುಂಡುದುಂಡಾಗಿ ಬೀಳುವುದೂ ಅದೇ ಕಾರಣಕ್ಕೆ. ಗ್ರಹಣ ಒಳಗೆ ಬರಬಾರದೆಂದು ಹೊದಿಸಿದ ತಗಡೇ ಗ್ರಹಣವನ್ನು ಕೋಣೆಯೊಳಕ್ಕೆ ಇಳಿಸಿಕೊಟ್ಟಿತ್ತು.

ಅತ್ತಿ ಹೆದರಲಿಲ್ಲ. ಅವಳಿಗೂ ಆಗ ಇಪ್ಪತ್ತೇ ವರ್ಷ. ಕೈ ಮುಂದೆ ಚಾಚಿ ಒಂದು ಬೆಳಕಿನ ತುಣುಕನ್ನು ಅಂಗೈಯಲ್ಲಿ ಹಿಡಿದಳು. “ನೋಡ್ವಾ ಇಲ್ಲೆ, ಅಂಗೈಯಾಗ ಕುಂತೈತಿ” ಎಂದು ಸದ್ದಿಲ್ಲದೆ ನಕ್ಕಳು. ಆಮೇಲೆ ಕೋಣೆ ಬೂದಿ ಬಣ್ಣವಾಯಿತು. ಚುಕ್ಕೆಗಳು ಕೂದಲೆಳೆಯಷ್ಟಾಗಿ ಒಮ್ಮೆಲೇ ಆರಿಹೋದವು. ಹೊರಗೆ ನಾಯಿಗಳೆಲ್ಲ ಒಟ್ಟಿಗೆ ಊಳಿಟ್ಟವು. ನಾನು ಎದ್ದು ಹಿತ್ತಲ ಬಾಗಿಲಿಗೆ ಓಡಿದೆ. ನುಗ್ಗೆ ಗಿಡದ ಮೇಲೆ, ಬಹುತೇಕ ನೆತ್ತಿಯ ಹತ್ತಿರ, ಹೊಳೆಹೊಳೆಯುವ ಒಂದು ಚಿಕ್ಕಿ. ಕೆಳಗೆ ಕೋಳಿಗಳು ಬುಟ್ಟಿಯ ಸುತ್ತ ಮುದುರಿ ಕುಳಿತಿದ್ದವು. ಸೂರ್ಯನ ಕಡೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಚಿಕ್ಕಿಯನ್ನಷ್ಟೇ ನೋಡಿ ಒಳಗೆ ಓಡಿಬಂದೆ.

ಸಂಚಿಕೆಗೆ ಬರೆದಾಗ ಇದಕ್ಕೆ ಇನ್ನಷ್ಟು ಸೇರಿಸಿದ್ದೆ. ಅಜ್ಜ ಪಡಸಾಲೆಯ ಕಂಬಕ್ಕೊರಗಿ ಜಪಮಣಿ ಎಣಿಸುತ್ತಿದ್ದ ಎಂದು ಬರೆದಿದ್ದೆ. ಕತ್ತಲೆ ಅರ್ಧ ತಾಸು ಇತ್ತು ಎಂದೂ ಬರೆದಿದ್ದೆ. ಅಕ್ಕ ಒಂದೊಂದಾಗಿ ತೆಗೆದಳು. “ಅಜ್ಜ ತೀರಿದ್ದು ಅದರ ಹಿಂದಿನ ಕಾರ ಹುಣ್ಣಿವಿ ಮುಂದ. ಗ್ರಾಣದ ದಿನ ಪಡಸಾಲ್ಯಾಗ ಎಲ್ಲಿಂದ ಬಂದಾನ?” ಹೌದಲ್ಲ! ಅಜ್ಜನ ಫೋಟೊದ ಹಿಂದೆ ಅಪ್ಪ ಬರೆದಿಟ್ಟ ತಾರೀಖು ನೋಡಿದೆ. ಅಕ್ಕನದೇ ಸರಿ. ಅದಕ್ಕೂ ಮುಂಚಿನ ಯಾವುದೋ ಚಂದ್ರಗ್ರಹಣದ ರಾತ್ರಿ ಕಂಬಕ್ಕೊರಗಿದ್ದ ಅಜ್ಜನನ್ನು ನನ್ನ ಮನಸ್ಸು ಹೊತ್ತು ತಂದು ಈ ಮಧ್ಯಾಹ್ನದಲ್ಲಿ ಕೂಡ್ರಿಸಿತ್ತು. ಕತ್ತಲೆಯ ಲೆಕ್ಕವೂ ಹಾಗೆಯೇ. ನಮ್ಮ ಭಾಗದಲ್ಲಿ ಸೂರ್ಯ ಪೂರ್ತಿ ಮುಚ್ಚಿದ್ದು ಮೂರು ನಿಮಿಷಕ್ಕೂ ಕಡಿಮೆ. ನನ್ನ ಅರ್ಧ ತಾಸು ಎಲ್ಲಿ, ಈ ಮೂರು ನಿಮಿಷ ಎಲ್ಲಿ!

ಮೂರನೆಯದು ಮಾತ್ರ ನನಗೆ ಚುಚ್ಚಿತು. “ನೀ ಹಿತ್ತಲಕ್ಕ ಹೋಗೇ ಇಲ್ಲ. ಅವ್ವ ಚಿಲಕಾ ಹಾಕಿದ್ಲು. ಚಿಕ್ಕಿ ಗಿಕ್ಕಿ ಎಲ್ಲಾ ನಿನ್ನ ಕಲ್ಪನಾ” ಎಂದಳು ಅಕ್ಕ.

ಅಜ್ಜ ಹೋದರೆ ಹೋಗಲಿ, ಅರ್ಧ ತಾಸೂ ಹೋಗಲಿ. ಆ ಚಿಕ್ಕಿ ಹೋದರೆ ನನ್ನ ಬಾಲ್ಯದಲ್ಲಿ ಉಳಿಯುವುದೇನು? ಎರಡು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಶಾಲೆಯಲ್ಲಿ ವಿಜ್ಞಾನ ಹೇಳುವ ಹುಡುಗಿಯೊಬ್ಬಳಿದ್ದಾಳೆ, ನನ್ನ ಮಗಳ ವಯಸ್ಸಿನವಳು. ಅವಳ ಮೊಬೈಲಿನಲ್ಲಿ ಯಾವ ದಿನದ, ಯಾವ ಊರಿನ, ಯಾವ ಗಳಿಗೆಯ ಆಕಾಶವನ್ನಾದರೂ ತೋರಿಸುವ ಸೌಲಭ್ಯವಿದೆ. ಸ್ಟಾಫ್ ರೂಮಿನಲ್ಲಿ ಕುಳಿತು 1980, ಫೆಬ್ರುವರಿ 16, ಗದಗ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ ಎಂದು ಹಾಕಿಸಿದೆ. ಪಡುವಣ ದಿಕ್ಕಿಗೆ ಇಳಿಯುತ್ತಿರುವ ಸೂರ್ಯ. ನೆತ್ತಿಗೆ ತುಸು ಕೆಳಗೆ, ನಾನು ಕಂಡಲ್ಲೇ, ಶುಕ್ರ! “ಯಾಕ ಟೀಚರ್, ಕಣ್ಣಾಗ ನೀರು?” ಎಂದು ಆ ಹುಡುಗಿ ಗಾಬರಿಯಾದಳು.

ಹತ್ತು ವರ್ಷದ ಹುಡುಗಿಗೆ ಶುಕ್ರ ಅಂದು ಎಲ್ಲಿರುತ್ತಾನೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕಾಣದೆ ಅದು ತಿಳಿಯುವಂತಿರಲಿಲ್ಲ. ಮರೆತ ಚಿಲಕವೋ ತೆರೆದ ಚಿಲಕವೋ, ನಾನಂತೂ ಹಿತ್ತಲಿಗೆ ಹೋಗಿದ್ದೆ.

ಆಮೇಲೆ ನನಗೆ ಗ್ರಹಣದ ಹುಚ್ಚೇ ಹಿಡಿಯಿತೆನ್ನಿ. ನಮ್ಮ ನಾಡಿನಲ್ಲಿ ಹಿಂದೆ ಯಾರು ಯಾರು ಗ್ರಹಣ ನೋಡಿದ್ದಾರೆಂದು ಹುಡುಕತೊಡಗಿದೆ. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣವನ್ನು ನೋಡಲು ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಜಾನ್ ಹರ್ಷೆಲ್ ಎಂಬ ತರುಣ ಅಧಿಕಾರಿ ನಮ್ಮ ಜಮಖಂಡಿಯಲ್ಲಿ ದೂರದರ್ಶಕ ಹೂಡಿದ್ದ. ಮಳೆಗಾಲ, ಮೋಡಗಳ ಕಾಟ. ಸಿಕ್ಕ ಸಂದಿಯಲ್ಲೇ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಒಡೆದು ನೋಡಿ, ಕೆಂಪು, ಕಿತ್ತಳೆ, ನೀಲಿ ಗೆರೆಗಳನ್ನು ಕಂಡು ವರದಿ ಬರೆದ. ಅಂದು ಜಮಖಂಡಿಯ ಕತ್ತಲೆ ಕೋಣೆಗಳಲ್ಲಿ ಎಷ್ಟು ಬಸುರಿಯರು ಕುಳಿತಿದ್ದರೋ, ಎಷ್ಟು ಹುಡುಗಿಯರು ಕಂಡಿಯಲ್ಲಿ ಇಣುಕಿದರೋ! ಅವರ ವರದಿ ಬರೆದುಕೊಂಡವರು ಯಾರೂ ಇಲ್ಲ.

ಈ ಜಾನ್ ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ವಿಲಿಯಮನ ತಂಗಿ ಕ್ಯಾರೊಲಿನ್. 1876ರಲ್ಲಿ ಕ್ಯಾರೊಲಿನಳ ನೆನಪುಗಳನ್ನೂ ಪತ್ರಗಳನ್ನೂ ಕೂಡಿಸಿ ಪುಸ್ತಕ ಮಾಡಿದವಳು ಯಾರೆಂದುಕೊಂಡಿರಿ? ಜಮಖಂಡಿಯಲ್ಲಿ ಗ್ರಹಣ ನೋಡಿದ ಆ ಜಾನ್‌ನ ಹೆಂಡತಿ. ಒಂದು ಮನೆತನದ ಗಂಡಸು ನಮ್ಮೂರ ಪಕ್ಕದಲ್ಲಿ ಆಕಾಶ ನೋಡಿದ. ಅದೇ ಮನೆತನಕ್ಕೆ ಸೊಸೆಯಾಗಿ ಬಂದವಳು ಹಿಂದಿನ ತಲೆಯ ಒಬ್ಬ ಹೆಣ್ಣುಮಗಳ ಹಾಳೆಗಳನ್ನು ಹೊಂದಿಸಿದಳು. ನನಗಂತೂ ಎರಡನೆಯ ಕೆಲಸ ಸಣ್ಣದೆನ್ನಿಸುವುದಿಲ್ಲ.

ಕ್ಯಾರೊಲಿನ್ ಹುಟ್ಟಿದ್ದು 1750ರಲ್ಲಿ, ಜರ್ಮನಿಯ ಹ್ಯಾನೊವರಿನಲ್ಲಿ. ತಂದೆ ಸೈನ್ಯದ ವಾದ್ಯಮೇಳದವನು. ಹೆಣ್ಣುಮಗಳು ಮನೆಗೆಲಸ ಕಲಿತರೆ ಸಾಕೆಂದು ತಾಯಿಯ ಹಟ. ಮುಂದೆ ಇಂಗ್ಲೆಂಡಿನಲ್ಲಿ ಅಣ್ಣನ ಸಹಾಯಕಿಯಾಗಿ, 1786ರಿಂದ 1797ರ ನಡುವೆ ತಾನೇ ಎಂಟು ಧೂಮಕೇತುಗಳನ್ನು ಕಂಡಳು. ಅರಸನಿಂದ ವರ್ಷಕ್ಕೆ ಐವತ್ತು ಪೌಂಡ್ ಸಂಬಳ ಪಡೆದಳು. ಇಷ್ಟೆಲ್ಲ ಸಾಧಿಸಿದವಳು ಎಪ್ಪತ್ತು ದಾಟಿದ ಮೇಲೆ ತನ್ನ ಕತೆ ಬರೆಯಲು ಕುಳಿತಾಗ ಏನು ನೆನೆದಳು? ಒಂದು ಚಳಿಯ ರಾತ್ರಿ ತಂದೆ ಬೀದಿಗೆ ಕರೆದೊಯ್ದು ನಕ್ಷತ್ರಗಳನ್ನು ಗುರುತು ಮಾಡಿಸಿದ್ದು. ಅದಿರಲಿ, ಆಕಾಶದವಳಿಗೆ ಆಕಾಶದ ನೆನಪು ಸಹಜ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ಅವಳಿಗೆ ಆರು ವರ್ಷ. ತಂದೆ, ಅಣ್ಣಂದಿರು ದಂಡಿನಿಂದ ಮರಳುವ ದಿನ. ಎದುರುಗೊಳ್ಳಲು ಹೋದ ಹುಡುಗಿ ಗದ್ದಲದಲ್ಲಿ ಅವರನ್ನು ಕಾಣದೆ ಚಳಿಯಲ್ಲಿ ಅಲೆದು ಮನೆಗೆ ಬರುತ್ತಾಳೆ. ಎಲ್ಲರೂ ಆಗಲೇ ಊಟಕ್ಕೆ ಕುಳಿತಿದ್ದಾರೆ. ಬಾಗಿಲಲ್ಲಿ ನಿಂತವಳನ್ನು ಯಾರೂ ಗಮನಿಸುವುದಿಲ್ಲ. ವಿಲಿಯಂ ಒಬ್ಬನೇ ಕೈಯಲ್ಲಿದ್ದುದನ್ನು ಬಿಟ್ಟು ಓಡಿಬಂದು ಅವಳೆದುರು ಕುಕ್ಕರಗಾಲಲ್ಲಿ ಕೂಡುತ್ತಾನೆ. ಅರವತ್ತು ಎಪ್ಪತ್ತು ವರ್ಷ ಕಳೆದರೂ ಆ ಮುದುಕಿಗೆ ಆ ಬಾಗಿಲು, ಆ ಚಳಿ, ಆ ಅಣ್ಣ ಹಾಗೆಯೇ ಇದ್ದರು. ಅವಳು ಪುಳಕವನ್ನು ಮಾತ್ರ ಇಟ್ಟುಕೊಂಡು ನೋವನ್ನು ಒರೆಸಿ ಹಾಕಿಲ್ಲ. ಬಾಗಿಲಲ್ಲಿ ಯಾರೂ ಕಾಣದೆ ನಿಂತದ್ದನ್ನು ಬರೆದದ್ದರಿಂದಲೇ ಅಣ್ಣ ಓಡಿಬಂದದ್ದು ನಮಗೆ ತಾಗುತ್ತದೆ.

ಇದನ್ನು ಓದಿದಾಗ ನನ್ನ ಎರಡು ಪುಟದ ಮೇಲೆ ನನಗೇ ನಾಚಿಕೆಯಾಯಿತು. ಅಕ್ಕ ಹಿಡಿದ ತಪ್ಪುಗಳಿಗಲ್ಲ. ಅವಳು ಹಿಡಿಯದೆ ಬಿಟ್ಟದ್ದಕ್ಕೆ. ಸ್ಮರಣ ಸಂಚಿಕೆಗೆ ಬರೆದುದರಲ್ಲಿ ಗೋಡೆಯ ಮೇಲಿನ ಸೂರ್ಯರಿದ್ದರು, ಶುಕ್ರನಿದ್ದ, ಇಲ್ಲದ ಅಜ್ಜನೂ ಇದ್ದ. ಅತ್ತಿ ಇರಲಿಲ್ಲ. ಬೇಕೆಂದೇ ಬಿಟ್ಟಿದ್ದೆ.

ಬಸವ ಜಯಂತಿ ಮುಗಿದು ಹದಿನೈದು ದಿನಕ್ಕೆ ಅತ್ತಿಗೆ ಗಂಡು ಕೂಸು ಹುಟ್ಟಿತು. ಕೂಸಿನ ಮೇಲ್ದುಟಿ ಸೀಳಿತ್ತು.

ಮುಂದಿನದನ್ನು ವಿಸ್ತರಿಸುವುದಿಲ್ಲ. ಬೀಗರು ಬಂದರು, ತೊಟ್ಟಿಲು ನೋಡಿದರು, ತಿರುಗಿ ಹೋದರು. ‘ಗ್ರಹಣ ಹಿಡಿದ ಕೂಸು’ ಎಂಬ ಮಾತು ಓಣಿಯ ತುಂಬ ಓಡಾಡಿತು. ತವರಿನವ್ವ ಕಣ್ಣಿಗೆ ಎಣ್ಣೆ ಹಾಕಿಕೊಂಡು ಕಾಯಲಿಲ್ಲ, ಹುಡುಗಿ ಹೊರಗೆ ಹೋಗಿ ನೋಡಿರಬೇಕು ಎಂದರು. ಅತ್ತಿ ಒಂದೂವರೆ ವರ್ಷ ನಮ್ಮ ಮನೆಯಲ್ಲೇ ಉಳಿದಳು. ಕೂಸಿಗೆ ಹಾಲು ಹೀರಲಾಗುತ್ತಿರಲಿಲ್ಲ. ಹಿಂಡಿ ಚಮಚದಿಂದ ತೊಟ್ಟು ತೊಟ್ಟಾಗಿ ಕುಡಿಸಬೇಕು. ರಾತ್ರಿ ಚಿಮಣಿ ಬೆಳಕಿನಲ್ಲಿ ಅವಳು ಹಾಗೆ ಕುಡಿಸುವುದನ್ನು ನಾನು ಹಾಸಿಗೆಯಲ್ಲಿ ಕಣ್ಣು ಮುಚ್ಚಿದಂತೆ ಮಾಡಿ ನೋಡುತ್ತಿದ್ದೆ. ಆ ಬೆಳಕು ಅವಳ ಅಂಗೈ ಮೇಲೆ ಬಿದ್ದದ್ದನ್ನು, ಸೀರೆಯ ಮೇಲೆ ಬಿದ್ದದ್ದನ್ನು ಕಂಡವಳು ನಾನೊಬ್ಬಳೇ ಎಂದು ತಿಳಿದಿದ್ದೆ. ತೂತಿನ ತಗಡನ್ನು ಆಯಿಗೆ ಹೇಳದೆ ಇದ್ದವಳೂ ನಾನೇ. ಹತ್ತು ವರ್ಷದ ನನ್ನ ಲೆಕ್ಕದಲ್ಲಿ ಆ ತುಟಿ ನನ್ನಿಂದ ಹರಿದಿತ್ತು.

ಈ ಲೆಕ್ಕ ಬಿ.ಎ. ಓದಿದ ಮೇಲೂ, ಬಿ.ಎಡ್. ಮುಗಿದ ಮೇಲೂ ಪೂರ್ತಿ ಅಳಿಸಲಿಲ್ಲ ಎಂದರೆ ನೀವು ನಗಬಾರದು. ಒಮ್ಮೆ ನಮ್ಮ ಮಕ್ಕಳ ಆರೋಗ್ಯ ತಪಾಸಣೆಗೆ ಬಂದ ವೈದ್ಯೆಯನ್ನು ‘ಯಾರೋ ಕೇಳುತ್ತಿದ್ದರು’ ಎಂಬ ನೆಪ ಮಾಡಿ ಕೇಳಿದೆ. ಕೂಸಿನ ಮೇಲ್ದುಟಿ ಕೂಡಿಕೊಳ್ಳುವುದು ಗರ್ಭ ನಿಂತ ಆರೇಳು ವಾರಗಳಲ್ಲೇ, ಆಮೇಲಿನ ಯಾವ ಬೆಳಕೂ ಕತ್ತಲೆಯೂ ಅದನ್ನು ಸೀಳಲಾರದು ಎಂದರು ಅವರು. ಮನೆಗೆ ಬಂದು ಬೆರಳೆಣಿಸಿದೆ. ಮೇ ತಿಂಗಳ ಆರಂಭದಲ್ಲಿ ಹುಟ್ಟಿದ ಕೂಸು. ತುಟಿಯ ತೀರ್ಮಾನ 1979ರ ಸೆಪ್ಟೆಂಬರಿನಲ್ಲೇ ಆಗಿಹೋಗಿತ್ತು. ಆಗ ಅತ್ತಿ ಗಂಡನ ಮನೆಯಲ್ಲಿದ್ದಳು. ಗ್ರಹಣಕ್ಕೆ ಇನ್ನೂ ಐದು ತಿಂಗಳಿತ್ತು. ತಾರೀಖುಗಳನ್ನು ಬಾಯಿಪಾಠ ಮಾಡಿಸಿ ಮಕ್ಕಳಿಂದ ಬೈಸಿಕೊಳ್ಳುವವಳು ನಾನು. ಒಂದು ತಾರೀಖು ಮನುಷ್ಯಳ ಎದೆಯ ಮೇಲಿನ ಕಲ್ಲು ಇಳಿಸಬಲ್ಲದೆಂದು ಅಂದು ತಿಳಿಯಿತು.

ಆದರೂ 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಬಳೆಯಂಥ ಗ್ರಹಣ ಕಂಡಾಗ, ಅದು ನಮ್ಮೂರಿಗೆ ಪಾರ್ಶ್ವವಾಗಿ ಹಿಡಿದಾಗ, ಬಸುರಿಯಾಗಿದ್ದ ಸಹೋದ್ಯೋಗಿಯೊಬ್ಬಳು ರಜೆ ಕೇಳಿದಳು. ಅವಳಿಗೆ ಈ ಲೆಕ್ಕ ಹೇಳಬೇಕಿತ್ತು. ಹೇಳಲಿಲ್ಲ. ಅಕಸ್ಮಾತ್ ಏನಾದರೂ ಆದರೆ ಎಂಬ ಹೆದರಿಕೆ ಇನ್ನೂ ಎಲ್ಲೋ ಉಳಿದಿತ್ತು.

ಕ್ಯಾರೊಲಿನಳನ್ನು ಓದಿದ ವಾರವೇ ನಾನು ಅತ್ತಿಯ ಊರಿಗೆ ಹೋದೆ. ಅವಳಿಗೀಗ ಅರವತ್ತೈದು ದಾಟಿದೆ. ಆ ಕೂಸು ಎರಡು ವರ್ಷದವನಾದಾಗ ತುಟಿಯ ಶಸ್ತ್ರಚಿಕಿತ್ಸೆಯಾಗಿ, ಶಾಲೆ ಕಲಿತು, ಈಗ ಎರಡು ಲಾರಿಯ ಮಾಲೀಕ. ಮೀಸೆಯ ಕೆಳಗೆ ಒಂದು ಗೆರೆ ಮಾತ್ರ ಉಳಿದಿದೆ. ಚಹಾ ಕುಡಿದಾದ ಮೇಲೆ ಇದ್ದದ್ದನ್ನೆಲ್ಲ ಹೇಳಿದೆ: ತಗಡು, ಅಂಗೈ, ನನ್ನ ಇಷ್ಟು ವರ್ಷದ ಲೆಕ್ಕ. ಅತ್ತಿ ಅಳುತ್ತಾಳೆಂದುಕೊಂಡಿದ್ದೆ. ಅವಳು ನನ್ನನ್ನೇ ನೋಡಿದಳು.

“ಹುಚ್ಚಿ, ನೀ ಒಬ್ಬಾಕಿನಽ ನೋಡಿದಿ ಅಂತ ತಿಳದಿ ಏನ? ನೀ ಹಿತ್ತಲಕ್ಕ ಓಡಿದೆಲ್ಲ, ಅವಾಗ ನಮ್ಮವ್ವ ಒಳಗ ಬಂದಿದ್ಲು.”

ಕತ್ತಲಾದಾಗ ಮಗಳು ಹೆದರಿಯಾಳೆಂದು ಆಯಿ ತಡವರಿಸುತ್ತ ಕೋಣೆಗೆ ಬಂದು ಅತ್ತಿಯನ್ನು ತಬ್ಬಿ ಕುಳಿತಳಂತೆ. ಬೆಳಕು ಮರಳಿದಾಗ ಗೋಡೆಯ ಮೇಲೆ ಚಂದ್ರನಂಥ ತುಣುಕುಗಳು ಮತ್ತೆ ಮೂಡಿದವು. “ಮೊದಲ ಈ ಕಡೆ ಬಾಗಿದ್ವಲ್ಲ, ಆಮ್ಯಾಲ ತಿರುವಿ ಹಾಕಿಧಂಗ ಆ ಕಡೆ ಬಾಗಿದ್ವು” ಎಂದಳು ಅತ್ತಿ. ನಾನು ಬೆಚ್ಚಿದೆ. ಗ್ರಹಣ ಬಿಡುವಾಗ ಹಾಗೆಯೇ ಆಗುತ್ತದೆ. ಸೂರ್ಯ ಮೊದಲು ಒಂದು ಅಂಚಿನಲ್ಲಿ ಉಳಿದು ಮರೆಯಾಗುತ್ತಾನೆ, ಮತ್ತೆ ಎದುರಿನ ಅಂಚಿನಿಂದ ಇಣುಕುತ್ತಾನೆ. ಯಾವ ಪುಸ್ತಕವನ್ನೂ ಓದದ ಅತ್ತಿಗೆ ಅದು ಕಂಡೇ ತಿಳಿದಿರಬೇಕು.

“ನಮ್ಮವ್ವ ಭಾಳೊತ್ತು ನೋಡಿದ್ಲು. ಇದೇನವಾ ಅಂದ್ಲು. ಸೂರ್ಯಾನಽ ಅಂದೆ. ಸುಮ್ಮಕ ಕುಂತು ನೋಡಿ ನೋಡಿ, ಯಾರ ಮುಂದೂ ಅನಬ್ಯಾಡ ಅಂದ್ಲು.”

ಎರಡೂವರೆ ತಿಂಗಳ ಮೇಲೆ ಬೀಗರು ಪಡಸಾಲೆಯಲ್ಲಿ ಕುಳಿತು ಕೇಳಿದಾಗ, ಆಯಿ ದೇವರ ಮನೆಯ ಕಡೆ ಕೈ ಮಾಡಿ ಹೇಳಿದಳಂತೆ: “ನನ್ನ ಮಗಳು ಒಂದ ಎಳಿ ಬೆಳಕ ಕಂಡಿಲ್ಲ. ಬಾಗಲದಾಗ ನಾನಽ ಕುಂತಿದ್ದೆ.” ಸುಳ್ಳಾಡಿದರೆ ನಾಲಿಗೆಗೆ ಉಪ್ಪು ಹಚ್ಚುವ ಆಯಿ! ಅವಳೂ ಮನಸ್ಸಿನಲ್ಲಿ ನನ್ನಂತೆಯೇ ನಂಬಿದ್ದಳೋ ಏನೋ. ಗ್ರಹಣದಿಂದಲೇ ಹೀಗಾಯಿತೆಂದು ಸುಡುತ್ತಿದ್ದಳೋ ಏನೋ. ಹಾಗಿದ್ದೂ ಮಗಳನ್ನು ಉಳಿಸಿಕೊಂಡಳು. ನಾನು ಇಷ್ಟು ವರ್ಷ ಅವಳನ್ನು ಬಾಗಿಲು ಹಾಕಿದವಳೆಂದೇ ನೆನೆಯುತ್ತ ಬಂದಿದ್ದೆ. ಮಕ್ಕಳಿಗೆ ಮೂಢನಂಬಿಕೆಯ ಪಾಠ ಹೇಳುವಾಗ ಹೆಸರು ಹೇಳದೆ ಅವಳನ್ನೇ ಉದಾಹರಣೆ ಕೊಟ್ಟದ್ದೂ ಉಂಟು. ಆಯಿ ತೀರಿ ಮೂವತ್ತು ವರ್ಷವಾಯಿತು.

ಅತ್ತಿಗೆ ನಾನು ಸೆಪ್ಟೆಂಬರಿನ ಲೆಕ್ಕ ಹೇಳಿದೆ. ಅವಳು ಎರಡು ಸಲ ಹೇಳಿಸಿಕೊಂಡಳು. ಮೂರನೆಯ ಸಲ ತಾನೇ ಬೆರಳು ಮಡಚಿ ತಿಂಗಳು ಎಣಿಸಿದಳು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಮಾತು ಬದಲಿಸಲೆಂದು ನಾನು ಮರಿಯಾ ಮಿಚೆಲಳ ಕತೆ ತೆಗೆದೆ. ಅಮೆರಿಕದ ನ್ಯಾಂಟಕೆಟ್ ದ್ವೀಪದವಳು. 1831ರ ಫೆಬ್ರುವರಿ 12ರಂದು ಅವಳಿಗೆ ಹನ್ನೆರಡೂವರೆ ವರ್ಷ. ಮನೆಯ ಕಿಟಕಿಯ ಚೌಕಟ್ಟು ತೆಗೆದು ತಂದೆ ದೂರದರ್ಶಕ ಹೂಡಿ ಕಂಕಣ ಗ್ರಹಣ ನೋಡಿದ. ಮಗಳು ಪಕ್ಕದಲ್ಲಿ ಹಡಗಿನ ಗಡಿಯಾರ ಹಿಡಿದು ಸೆಕೆಂಡು ಎಣಿಸಿದಳು. ಆ ಹುಡುಗಿಯೇ 1847ರಲ್ಲಿ ಧೂಮಕೇತು ಕಂಡು ಡೆನ್ಮಾರ್ಕಿನ ಅರಸನಿಂದ ಪದಕ ಪಡೆದಳು. 1865ರಿಂದ ವಾಸರ್ ಎಂಬ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪಾಠ ಹೇಳಿದಳು. 1885ರಲ್ಲಿ, ಅರವತ್ತಾರರ ವಯಸ್ಸಿನಲ್ಲಿ, ವಿದ್ಯಾರ್ಥಿನಿಯರಿಗಾಗಿ ಮತ್ತೊಂದು ಗ್ರಹಣದ ಸೆಕೆಂಡು ಎಣಿಸಿದಳು. ದಿನಚರಿಯಲ್ಲಿ ಎರಡನ್ನೂ ಜೋಡಿಸಿ ನಾಲ್ಕೇ ಸಾಲು ಬರೆದಳು. ಐವತ್ತನಾಲ್ಕು ವರ್ಷದ ಮೇಲೆ ಬಂದದ್ದು ಅದೇ ಗ್ರಹಣ, ಈ ಸಲ ಸೂರ್ಯ ಅರ್ಧ ಮಾತ್ರ ಮುಚ್ಚಿದ, ಎರಡು ದಿನವೂ ಆಕಾಶ ತಿಳಿಯಾಗಿತ್ತು, ಚಳಿ ಇತ್ತು ಎಂಬಷ್ಟೇ ಅದರ ಸಾರಾಂಶ. ಒಂದು ‘ಆಹಾ’ ಇಲ್ಲ. ಎಣಿಸಿದ ಸೆಕೆಂಡುಗಳು ಅವಳಲ್ಲಿ ಇನ್ನೂ ಟಿಕ್ ಟಿಕ್ ಎನ್ನುತ್ತಿದ್ದವೆಂದು ಮಾತ್ರ ಓದಿದವರಿಗೆ ಗೊತ್ತಾಗುತ್ತದೆ.

“ಅದಽ ಗ್ರಾಣ ಅಂದ್ರ? ಗ್ರಾಣ ತಿರುಗಿ ಬರತೈತೇನ?” ಎಂದಳು ಅತ್ತಿ.

ಬರುತ್ತದೆ. ಹದಿನೆಂಟು ವರ್ಷ, ಹನ್ನೊಂದು ದಿನ, ಎಂಟು ತಾಸಿಗೊಮ್ಮೆ ಒಂದೇ ಮನೆತನದ ಗ್ರಹಣ ಮರಳುತ್ತದೆ. ಆ ಎಂಟು ತಾಸಿನ ದೆಸೆಯಿಂದ ಭೂಮಿಯ ಬೇರೆ ಮಗ್ಗುಲಿಗೆ ಬೀಳುತ್ತದೆ. ಮೂರನೆಯ ಸಲ, ಐವತ್ತನಾಲ್ಕು ವರ್ಷ ಒಂದು ತಿಂಗಳಿಗೆ, ಸುಮಾರಾಗಿ ನಮ್ಮ ಕಡೆಗೇ ಬರುತ್ತದೆ. ಅತ್ತಿಯ ಅಂಗೈಯಲ್ಲಿ ಕುಳಿತ ಗ್ರಹಣಕ್ಕಿಂತ ಎರಡು ತಲೆಮಾರು ಹಿಂದಿನದು 1871ರ ಡಿಸೆಂಬರ್ 12ರಂದು ಬೇಕಲದ ಕೋಟೆಯ ಮೇಲೆ ಹಾದಿತ್ತು. ಬೇಕಲ ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನಾರ್ಮನ್ ಲಾಕ್ಯರ್ ಎಂಬ ವಿಜ್ಞಾನಿ ಅದನ್ನು ನೋಡಲೆಂದೇ ಅಲ್ಲಿಗೆ ಬಂದಿದ್ದ. ಮುಂದಿನದು 2034ರ ಮಾರ್ಚ್ 20ಕ್ಕೆ. ಖಗ್ರಾಸ ಕಾಣುವುದು ದೂರದ ಕಾಶ್ಮೀರ-ಲಡಾಖಿನ ಕಡೆ. ನಮ್ಮಲ್ಲಿ ಸಂಜೆಯ ಸೂರ್ಯನಿಗೆ ಒಂದು ಕಚ್ಚು ಬಿದ್ದಂತೆ ಕಾಣಬಹುದು.

“ಅವಾಗ ನನಗೆಷ್ಟ ವರ್ಷ?”

“ಎಪ್ಪತ್ತನಾಲ್ಕು.”

“ಇರತೇನ ತಗೋ” ಎಂದಳು. ಗೋಡೆಗೆ ಕೈ ಊರಿ ಎದ್ದು, ಅಡುಗೆಮನೆಯ ಗೂಟಕ್ಕೆ ನೇತುಹಾಕಿದ್ದ ತೂತಿನ ಝಾರಿ ತಂದಳು, ಬೂಂದಿ ಕರಿಯುವಂಥದು. ಬಾಗಿಲಿನ ಸಂಜೆ ಬಿಸಿಲಿಗೆ ಅದನ್ನು ಅಡ್ಡ ಹಿಡಿದು, ಇನ್ನೊಂದು ಅಂಗೈಯನ್ನು ಅದರ ನೆರಳಿನಲ್ಲಿ ಹಿಂದೆ ಮುಂದೆ ಸರಿಸಿ ನೋಡತೊಡಗಿದಳು.